ನಾವು ಮರಳು ಹುರಿದ ಮಳೆಗಾಲ

ಹೋದ ತಿಂಗಳು ಕೋಲಾರದ ಬಸ್ ನಿಲ್ದಾಣದ ಹೊರಗೆ ಕಡಲೆಕಾಯಿ ಗಾಡಿಯವನೊಬ್ಬ ಬಾಣಲೆಯಲ್ಲಿ ಮರಳು ಕಾಯಿಸುತ್ತಿದ್ದ. ಕಡಲೆಕಾಯಿ ಇನ್ನೂ ಹಾಕಿರಲಿಲ್ಲ. ಕಾದ ಮರಳಿಗೆ ಅದರದೇ ಒಂದು ವಾಸನೆಯಿದೆ, ಮೂಗಿನ ತುದಿ ಒಣಗಿಸುವಂಥದ್ದು. ನಾನು ಅಲ್ಲೇ ನಿಂತುಬಿಟ್ಟೆ. ಜೊತೆಗಿದ್ದ ತಂಗಿಯ ಮಗಳು, "ದೊಡ್ಡಮ್ಮ, ಇನ್ನೂ ಹುರಿದಿಲ್ಲ ನೋಡು, ಬರೀ ಮರಳು," ಎಂದಳು. "ನನಗೆ ಮರಳೇ ಸಾಕು ಕಣೇ," ಎಂದೆ. ಅವಳು ನನ್ನನ್ನು ಸ್ವಲ್ಪ ಅನುಮಾನದಿಂದ ನೋಡಿದಳು. ಆಗ ಅವಳಿಗೆ ಹೇಳಲು ಹೊರಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬಸ್ಸು ಬಂದುಬಿಟ್ಟಿದ್ದರಿಂದ ಅವಳು ಪೂರ್ತಿ ಕೇಳಲಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಶ್ರೀನಿವಾಸಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನನಗೆ ಆಪರೇಟರ್ ಕೆಲಸ ಸಿಕ್ಕಿತ್ತು. ನಾನು ಮಾಲೂರಿನವಳು. ನಮ್ಮೂರಿನಲ್ಲಿ ರೈಲೆಂದರೆ ದೊಡ್ಡ ರೈಲು. ಮದರಾಸಿನ ಕಡೆಯ ಗಾಡಿಗಳು ನಮ್ಮ ಹಂಚಿನ ಕಾರ್ಖಾನೆಗಳ ಪಕ್ಕ ಹಾದುಹೋಗುವಾಗ ಮನೆಯ ತಟ್ಟೆ ಲೋಟಗಳು ಗಡಗಡ ಅನ್ನುತ್ತಿದ್ದವು. ಬಂಗಾರಪೇಟೆಯಲ್ಲಿ ಇಳಿದು ಶ್ರೀನಿವಾಸಪುರದ ರೈಲೆಲ್ಲಿ ಎಂದು ಕೇಳಿದಾಗ ಪೋರ್ಟರ್ ತೋರಿಸಿದ್ದನ್ನು ನೋಡಿ ಅವನು ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಮದುವೆ ಮನೆಯಲ್ಲಿ ಮಕ್ಕಳಿಗೆ ಬೇರೆ ಪಂಕ್ತಿ ಹಾಕುತ್ತಾರಲ್ಲ, ಹಾಗೆ ಪಕ್ಕದಲ್ಲೊಂದು ಪುಟ್ಟ ಹಳಿ, ಅದರ ಮೇಲೆ ಪುಟ್ಟ ಎಂಜಿನ್ನು, ಪುಟ್ಟ ಡಬ್ಬಿಗಳು. ಒಳಗೆ ಕೂತರೆ ಎದುರಿನವರ ಮೊಣಕಾಲು ನಮ್ಮ ಮೊಣಕಾಲಿಗೆ ತಾಗುತ್ತಿತ್ತು. ಆ ರೈಲು ಹತ್ತಿದವರಿಗೆಲ್ಲ ಇಳಿಯುವ ಹೊತ್ತಿಗೆ ಎದುರಿನವರ ಮನೆಯ ಸಂಗತಿಯೆಲ್ಲ ತಿಳಿದಿರುತ್ತಿತ್ತು. ಈಗ ಆ ಹಳಿಗಳು ಇಲ್ಲ. ಅಗಲವಾದ ಹಳಿ ಬಂದು ಎಷ್ಟೋ ವರ್ಷವಾಯಿತು. ದೊಡ್ಡ ರೈಲಿನಲ್ಲಿ ಯಾರೂ ಯಾರ ಮನೆಯ ಸುದ್ದಿಯನ್ನೂ ಕೇಳುವುದಿಲ್ಲ.

ನನ್ನನ್ನು ಈ ಪುಟ್ಟ ರೈಲಿನ ಹುಚ್ಚಿಗೆ ಎಳೆದವರು ನಾಗರಾಜ ಮೇಷ್ಟ್ರು. ಅವರು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ನಾನು ಬಾಡಿಗೆಗಿದ್ದ ಕೋಣೆಯ ಎದುರು ಮನೆ ಅವರದು. ಸಣ್ಣ ದೇಹ, ದೊಡ್ಡ ಕಂಠ. ಮಕ್ಕಳಿಗೆ ಮಾವಿನ ಹಣ್ಣು ಬರೆಯಿರಿ ಅಂದರೆ ಅದರ ಹಿಂದೆ ತಾವೇ ಒಂದು ಎಂಜಿನ್ ಬರೆದುಬಿಡುತ್ತಿದ್ದರು ಎಂದು ಅವರ ಹೆಂಡತಿ ಸರೋಜಮ್ಮನೇ ಹೇಳುತ್ತಿದ್ದರು. ಭಾನುವಾರ ಬೆಳಗಾದರೆ ಮೇಷ್ಟ್ರು ಊರಿನ ಒಂದಿಷ್ಟು ಜನರನ್ನು ಕಟ್ಟಿಕೊಂಡು ಸ್ಟೇಷನ್ನಿಗೆ ಹೊರಡುತ್ತಿದ್ದರು. ಗುಂಪಿಗೆ ಹೆಸರಿರಲಿಲ್ಲ, ಅಧ್ಯಕ್ಷರಿರಲಿಲ್ಲ, ಚಂದಾ ಇರಲಿಲ್ಲ. ಊರಿನವರು ನಮ್ಮನ್ನು "ಭಾನುವಾರದವರು" ಅನ್ನುತ್ತಿದ್ದರು, ಹಿಂದಿನಿಂದ ಏನನ್ನುತ್ತಿದ್ದರೋ ಗೊತ್ತಿಲ್ಲ.

ಮೊದಲನೇ ಭಾನುವಾರ ಮೇಷ್ಟ್ರು ನನ್ನ ಕೈಗೆ ಒಂದು ಉಂಡೆ ಹುಣಸೆಹಣ್ಣು ಕೊಟ್ಟು, "ತಗೋಮ್ಮ, ಎಂಜಿನ್ನಿಗೆ," ಎಂದರು. ನನಗೆ ಅರ್ಥವಾಗಲಿಲ್ಲ. ಎಂಜಿನ್ನಿನ ಹಿತ್ತಾಳೆಯನ್ನು ನಮ್ಮ ಗುಂಪಿನ ಹೆಂಗಸರು ಹುಣಸೆಹಣ್ಣು, ಬೂದಿ ಹಾಕಿ ಉಜ್ಜುತ್ತಿದ್ದರು, ಹಬ್ಬದ ಹಿಂದಿನ ದಿನ ಮನೆಯ ಪೂಜೆ ಪಾತ್ರೆ ಉಜ್ಜಿದ ಹಾಗೆಯೇ. ಗಂಡಸರು ಡಬ್ಬಿಯ ಮರದ ಬೆಂಚುಗಳನ್ನು ಒರೆಸುತ್ತಿದ್ದರು. ಎಂಜಿನ್ ಡ್ರೈವರ್ ಖಾದರ್ ಸಾಬರು ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತ, "ಅಲ್ಲಿ ಇನ್ನೂ ಕಪ್ಪು ಐತೆ ನೋಡಿ ಮೇಡಂ, ಬಲಗಡೆ," ಎಂದು ಕೈ ತೋರಿಸುತ್ತಿದ್ದರು. ಮುಂದೆ ಗಂಡನ ಮನೆಯಲ್ಲೂ ನನ್ನ ಕೈಯಲ್ಲಿ ಯಾರೂ ಹಾಗೆ ಕೆಲಸ ಮಾಡಿಸಿಲ್ಲ. ಉಜ್ಜಿ ಮುಗಿದ ಮೇಲೆ ಆ ಹಿತ್ತಾಳೆಯಲ್ಲಿ ನನ್ನ ಮುಖ ಅಗಲವಾಗಿ ಕಂಡಿತು. ನಾನು ಎಷ್ಟು ನಕ್ಕೆ ಅಂದರೆ ಮುಂದಿನ ಭಾನುವಾರ ಕರೆಯುವ ಮೊದಲೇ ಹೋಗಿ ನಿಂತಿದ್ದೆ.

ಆದರೆ ನಮ್ಮ ದೊಡ್ಡ ಕೆಲಸ ಇದ್ದದ್ದು ಸ್ಟೇಷನ್ನಿನಲ್ಲಲ್ಲ. ಕೋಲಾರದ ಕಡೆ ಹೋಗುವಾಗ ಮಧ್ಯದಲ್ಲಿ ಚಿಂತಲಮಿಟ್ಟ ಎಂಬ ಹಳ್ಳಿ ಬರುತ್ತಿತ್ತು. ತೆಲುಗಿನಲ್ಲಿ ಹುಣಸೆಮರಗಳ ದಿಬ್ಬ ಎಂದರ್ಥ. ಊರಿರುವುದು ದಿಬ್ಬದ ಬುಡದಲ್ಲಿ. ಅಲ್ಲಿ ಒಂದು ಬೋರ್ಡು, ಒಂದು ಕಲ್ಲುಬೆಂಚು, ಅಷ್ಟೇ ನಿಲ್ದಾಣ. ಅಲ್ಲಿಂದ ಮುಂದೆ ಹಳಿ ದಿಬ್ಬವನ್ನು ಹತ್ತಬೇಕು. ದೂರದಿಂದ ವೇಗವಾಗಿ ಬಂದರೆ ರೈಲು ಹತ್ತುತ್ತಿತ್ತು. ಬುಡದಲ್ಲಿ ನಿಂತು ಮತ್ತೆ ಹೊರಡಬೇಕೆಂದರೆ ಅದಕ್ಕೆ ಕಷ್ಟ. ಬೇಸಿಗೆಯಲ್ಲಿ ಹೇಗೋ ಆಗುತ್ತಿತ್ತು. ಮಳೆ ಬಂದು ಹಳಿ ಒದ್ದೆಯಾದರೆ, ಹುಣಸೆ ಎಲೆ ಉದುರಿ ಅಂಟಿಕೊಂಡರೆ, ಚಕ್ರ ಇದ್ದಲ್ಲೇ ಗಿರ್ರೆಂದು ತಿರುಗುತ್ತಿತ್ತು. ಹಳಿಯ ಮೇಲೆ ಮರಳು ಬಿದ್ದರೆ ಚಕ್ರಕ್ಕೆ ಹಿಡಿತ ಸಿಗುತ್ತದೆ. ಅದಕ್ಕೆಂದೇ ಎಂಜಿನ್ನಿನಲ್ಲಿ ಮರಳಿನ ಡಬ್ಬಿಯಿತ್ತು. ಮಳೆಗಾಲದಲ್ಲಿ ಆ ಮರಳೂ ತೇವ ಹೀರಿ ಗಂಟು ಕಟ್ಟಿ ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು.

"ಎಂಜಿನ್ನಿಗೆ ತಾಕತ್ತು ಐತೆ ಮೇಷ್ಟ್ರೇ," ಎನ್ನುತ್ತಿದ್ದರು ಖಾದರ್ ಸಾಬರು. "ಕಾಲು ಜಾರ್ತದೆ. ಒಣ ಮರಳು ಕೊಡಿ, ಮಿಟ್ಟ ಏನು, ತಿರುಪತಿ ಬೆಟ್ಟ ಹತ್ತಿಸ್ತೀನಿ."

ಒಣ ಮರಳು ಎಲ್ಲಿಂದ ಬರಬೇಕು? ದಾರಿ ತೋರಿಸಿದ್ದು ಮುನೆಕ್ಕ. ಅವಳು ಚಿಂತಲಮಿಟ್ಟದ ಹೂವಿನವಳು. ಬಾವಿಯ ಪಕ್ಕದ ಸ್ವಲ್ಪ ಜಾಗದಲ್ಲಿ ಕನಕಾಂಬರ, ಸೇವಂತಿಗೆ ಬೆಳೆದು ಬೆಳಗಿನ ರೈಲಿಗೆ ಕೋಲಾರದ ಮಾರ್ಕೆಟ್ಟಿಗೆ ಒಯ್ಯುತ್ತಿದ್ದಳು. ಕಡಲೆಕಾಯಿ ಹುರಿಯಲು ಅವಳ ಮನೆಯಲ್ಲಿ ದೊಡ್ಡ ಕಬ್ಬಿಣದ ಬಾಣಲೆಯಿತ್ತು. "ಕಡ್ಲೆಕಾಯಿಗೆ ದಿನಾ ಇಸ್ಕ ಕಾಯಿಸ್ತೀವಲ್ಲಾ, ರೈಲಿಗೆ ಕಾಯಿಸಕ್ಕೆ ಏನು ಬ್ಯಾನೆ?" ಎಂದು ಅವಳು ಒಲೆ ಹೊತ್ತಿಸಿಯೇಬಿಟ್ಟಳು. ಇಸ್ಕ ಅಂದರೆ ಮರಳು. ಅವತ್ತಿನಿಂದ ಭಾನುವಾರ ಮಧ್ಯಾಹ್ನ, ಅವಳು ಮಾರ್ಕೆಟ್ಟಿನಿಂದ ವಾಪಸಾದ ಮೇಲೆ, ಅವಳ ಅಂಗಳದಲ್ಲಿ ನಮ್ಮ ಗುಂಪು ಕೂತು ಕಾಲುವೆಯ ಮರಳು ಜರಡಿ ಹಿಡಿದು ಹುರಿಯುತ್ತಿತ್ತು. ಆರಿದ ಮರಳನ್ನು ಡಬ್ಬಗಳಿಗೆ ತುಂಬಿ ಅವಳ ಮನೆಯಲ್ಲೇ ಇಡುತ್ತಿದ್ದೆವು. ಉಳಿದ ದಿನ ಊರಿನ ಹೆಂಗಸರೇ ರೈಲು ಬರುವ ಮೊದಲು ಹಳಿಯ ಎಲೆ ಗುಡಿಸಿ ಮರಳು ಚೆಲ್ಲುತ್ತಿದ್ದರು, ಬಾಗಿಲಿಗೆ ರಂಗೋಲಿ ಎಳೆದ ಹಾಗೆ, ಎರಡು ಬೆರಳಿನ ಸಂದಿಯಿಂದ ಸಣ್ಣಗೆ. ಹಳಿ ರಿಪೇರಿ ಗ್ಯಾಂಗಿನ ಮೇಸ್ತ್ರಿ ಮೊದಲು ಗೊಣಗಿದ. ಆಮೇಲೆ ಅವನೂ ಹುರಿದ ಕಡಲೆಕಾಯಿ ತಿನ್ನುತ್ತ ನಮ್ಮ ಜೊತೆ ಕೂತ.

ಮುನೆಕ್ಕ ನನ್ನನ್ನು ಟೆಲಿಫೋನಮ್ಮ ಅನ್ನುತ್ತಿದ್ದಳು. "ರಾಮ್ಮಾ ಟೆಲಿಫೋನಮ್ಮಾ ರಾ, ನೀನು ಮಾತ್ರ ಬಾಣಲೆ ಹತ್ರ ಕೂರ್ಬೇಡ. ನೀನು ಹುರಿದಿದ್ದು ಅರ್ಧ ಹಸಿ," ಎಂದು ಎಲ್ಲರೆದುರು ಹೇಳುತ್ತಿದ್ದಳು. ಮರಳಿನಲ್ಲಿ ಹಸಿ ಬಿಸಿ ಏನು ಅಂತ ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಗೆದ್ದದ್ದು ಮಾತ್ರ ನೆನಪಿಲ್ಲ.

ಆ ವರ್ಷ ಮಳೆ ನಮ್ಮ ಸೀಮೆಯನ್ನು ಮರೆಯಲಿಲ್ಲ. ಆಷಾಢದಲ್ಲೇ ಹಿಡಿದು ಶ್ರಾವಣ, ಭಾದ್ರಪದ ಬಿಡದೆ ಬಂತು. ರಾಗಿ ಹೊಲಗಳು ಮೊಣಕಾಲುದ್ದ ಎದ್ದವು. ಚಿಂತಲಮಿಟ್ಟದ ಆಚೆ ದೊಡ್ಡ ಕೆರೆ, ಅದಕ್ಕೆ ನೀರು ತರುವ ಹಳೆಯ ರಾಜಕಾಲುವೆ. ವರ್ಷಗಟ್ಟಲೆ ಬರೀ ಮುಳ್ಳುಗಿಡ ಬೆಳೆದಿದ್ದ ಆ ಕಾಲುವೆಯಲ್ಲಿ ಕೆಂಪು ನೀರು ದಡ ಮುಟ್ಟಿ ಹರಿಯುವುದನ್ನು ನೋಡಲೆಂದೇ ಜನ ಬರುತ್ತಿದ್ದರು. ಬೆಳಗಿನ ರೈಲನ್ನು ದಿಬ್ಬ ಹತ್ತಿಸಿ ಕಳಿಸಿದ ಮೇಲೆ ನಾವು ಬುತ್ತಿ ಹಿಡಿದು ಕಾಲುವೆಯ ದಡದ ಮೇಲೆ ಕೆರೆಯವರೆಗೆ ನಡೆಯುತ್ತಿದ್ದೆವು. ಸರೋಜಮ್ಮನ ಚಿತ್ರಾನ್ನ, ನನ್ನ ಮೊಸರನ್ನ, ಮುನೆಕ್ಕನ ಮನೆಯ ಹುಚ್ಚೆಳ್ಳು ಚಟ್ನಿ. ಮೇಷ್ಟ್ರು ಪ್ಯಾಂಟು ಮಡಿಚಿಕೊಂಡು ನೀರಿಗಿಳಿದು ಏಡಿ ಹಿಡಿಯಲು ಹೋಗಿ ಏಡಿಯ ಕೈಗೇ ಸಿಕ್ಕಿಕೊಂಡದ್ದೂ ಒಮ್ಮೆ ಆಯಿತು. ಚಿತ್ರ ಬರೆಯುವ ಬಲಗೈ ಅದು. ವಾರವೆಲ್ಲ ಶಾಲೆಯಲ್ಲಿ ಎಡಗೈಯಲ್ಲಿ ಬರೆದರಂತೆ. ಮಕ್ಕಳು ಈಗ ಚಿತ್ರ ಚೆನ್ನಾಗಿ ಬರ್ತಿದೆ ಸಾರ್ ಅಂದರಂತೆ.

ಕೆರೆ ಕೋಡಿ ಬಿದ್ದ ದಿನ ಊರಿಗೆ ಊರೇ ಏರಿಯ ಮೇಲಿತ್ತು. ಹೆಂಗಸರು ತಂಬಿಟ್ಟಿನ ದೀಪ ಹೊತ್ತು ಗಂಗಮ್ಮನಿಗೆ ಪೂಜೆ ಮಾಡಿದರು. ಕೋಡಿಯ ಕಲ್ಲಿನ ಮೇಲಿಂದ ನೀರು ಬೀಳುವ ಸದ್ದಿನಲ್ಲಿ ಯಾರ ಮಾತೂ ಕೇಳಿಸುತ್ತಿರಲಿಲ್ಲ, ಆದರೂ ಎಲ್ಲರೂ ಮಾತಾಡುತ್ತಿದ್ದರು. ಆ ಹೊತ್ತಿಗೆ ದೂರದಲ್ಲಿ ಹಾದುಹೋದ ರೈಲಿನಿಂದ ಖಾದರ್ ಸಾಬರು ಉದ್ದಕ್ಕೂ ಸೀಟಿ ಹಾಕಿದರು. ನನಗೆ ಅವತ್ತು ಇಂಥ ಸಂತೋಷಕ್ಕೆ ಕಾರಣವೇನು ಎಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಒಂದು ಕೆರೆ ತುಂಬಿತ್ತು, ಒಂದು ರೈಲು ಸಮಯಕ್ಕೆ ಹೋಗಿತ್ತು, ಅಷ್ಟೇ.

ಅದೇ ವಾರ ಕೆಟ್ಟ ಸುದ್ದಿ ಬಂತು. ಸ್ಟೇಷನ್ ಮಾಸ್ತರರು ಮೇಷ್ಟ್ರನ್ನು ಕರೆದು, ಚಿಂತಲಮಿಟ್ಟದ ಸ್ಟಾಪ್ ತೆಗೆಯುವ ಯೋಚನೆ ನಡೆದಿದೆ ಎಂದರು. ಬುಡದಲ್ಲಿ ನಿಲ್ಲಿಸುವುದರಿಂದಲೇ ರೈಲು ತಡವಾಗುತ್ತಿದೆ, ನಿಲ್ಲಿಸದಿದ್ದರೆ ತೊಂದರೆಯೇ ಇಲ್ಲ ಎಂಬುದು ಮೇಲಿನವರ ಲೆಕ್ಕ. ಆದರೂ ಸಾಹೇಬರೊಬ್ಬರು ಸ್ವತಃ ರೈಲಿನಲ್ಲಿ ಬಂದು ನೋಡುತ್ತಾರೆ. ಜನ ತುಂಬಿ ಭಾರ ಹೆಚ್ಚಿರುವ ದಿನವೇ ನೋಡಬೇಕೆಂದು ಆಯುಧಪೂಜೆಯ ಬೆಳಗನ್ನು ಆರಿಸಿಕೊಂಡಿದ್ದಾರೆ. ನಿಂತ ರೈಲು ಅವತ್ತು ಸಲೀಸಾಗಿ ದಿಬ್ಬ ಹತ್ತಿದರೆ ಸ್ಟಾಪ್ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಈ ಸುದ್ದಿಯನ್ನು ಮುನೆಕ್ಕನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವಳು ಹೂವು ಬಿಡಿಸುತ್ತಿದ್ದಳು. ಕೇಳಿ, ಕೈಯಲ್ಲಿದ್ದ ಹೂವನ್ನು ಬುಟ್ಟಿಗೆ ಹಾಕಿದಳು. ಆಮೇಲೆ ಹೇಳಿದಳು: "ಬಸ್ಸಿನ ರೋಡಿಗೆ ಹೊಲದಾಗೆ ನಡ್ಕೊಂಡು ಹೋಗೋ ಹೊತ್ತಿಗೆ ಹೂವು ಬಾಡ್ತವೆ. ಬಸ್ಸಿನೋನು ಬುಟ್ಟಿ ಹತ್ತಿಸಲ್ಲ. ಹೂವಿನ ಮಂಡಿಯೋನ ಆಳು ಸೈಕಲ್ಲಲ್ಲಿ ಮನೆ ಮುಂದಕ್ಕೇ ಬರ್ತೀನಿ ಅಂತಾನೆ. ಬಂದು ತಗೊಂಡೋಗ್ತಾನೆ, ಅದು ಸರಿ. ನಾನೇನು ಮಾಡ್ಲಿ ಆಮ್ಯಾಕೆ? ಮನೇಲಿ ಕೂತ್ಕೊಂಡು ಅವನ ದಾರಿ ಕಾಯ್ಲಾ?" ಅವಳ ಗಂಡನೂ ಅತ್ತೆಯೂ ಅದನ್ನೇ ಹೇಳುತ್ತಿದ್ದರಂತೆ: ಹೆಂಗಸು ಪ್ಯಾಟೆಗೆ ಹೋಗಿ ಕೂರುವುದು ಯಾಕೆ, ಮನೆ ಬಾಗಿಲಿಗೇ ಬರುವಾಗ. ರೈಲು ಊರಲ್ಲಿ ನಿಲ್ಲುತ್ತಿದ್ದುದರಿಂದ ಅವಳು ಅದಕ್ಕೆ ಕಿವಿಗೊಡದೆ ಬುಟ್ಟಿ ಎತ್ತಿಕೊಂಡು ಹೊರಟುಬಿಡುತ್ತಿದ್ದಳು. ರೈಲು ನಿಲ್ಲದಿದ್ದರೆ ಅವಳಿಗೆ ಉಳಿಯುವುದು ಆ ಬಾವಿ, ಆ ಅಂಗಳ. ಅವಳನ್ನು ಅಷ್ಟು ಸಪ್ಪಗೆ ನಾನು ಅದುವರೆಗೆ ನೋಡಿರಲಿಲ್ಲ.

"ಹತ್ತಿಸೇ ಹತ್ತಿಸ್ತೀವಿ ಮುನೆಕ್ಕ," ಎಂದೆ, ಎಂಜಿನ್ನನ್ನು ನಾನೇ ಓಡಿಸುವವಳ ಹಾಗೆ.

"ಏಂ ಕಾದುಲೇ," ಎಂದಳು ಅವಳು. ಏನೂ ಆಗೋದಿಲ್ಲ ಬಿಡು ಎಂದು ನನಗೇ ಸಮಾಧಾನ ಹೇಳಿದಳು. "ದೇವ್ರಿಗೂ ಒಂದು ಮಾತು ಹೇಳಿರ್ತೀನಿ."

ಆ ಮಾತಿನ ಅರ್ಥ ಅವತ್ತೇ ಬಿಡಿಸಿ ಕೇಳಬೇಕಿತ್ತು. ನನಗೆ ಹೊಳೆಯಲಿಲ್ಲ.

ಹಬ್ಬದ ಹಿಂದಿನ ದಿನವೆಲ್ಲ ಮರಳು ಹುರಿದೆವು. ಮಕ್ಕಳ ಸ್ನಾನದ ಹಂಡೆಯಿಂದ ಹಿಡಿದು ಹಾಲಿನ ಕ್ಯಾನಿನವರೆಗೆ ಊರಿನ ಪಾತ್ರೆಗಳಲ್ಲೆಲ್ಲ ಮರಳು ತುಂಬಿತ್ತು. ಆಯುಧಪೂಜೆಯ ಬೆಳಿಗ್ಗೆ ಮೇಷ್ಟ್ರು, ನಾನು ಶ್ರೀನಿವಾಸಪುರದಲ್ಲಿ ಎಂಜಿನ್ ಪೂಜೆ ಮುಗಿಸಿಕೊಂಡು ಅದೇ ರೈಲು ಹತ್ತಿದೆವು. ಬಾಳೆಕಂದು ಕಟ್ಟಿ, ಸೇವಂತಿಗೆ ಹಾರ ಹಾಕಿ, ಎಂಜಿನ್ನು ಮದುಮಗನ ಹಾಗೆ ಹೊರಟಿತು. ಸಾಹೇಬರು ಮುಂದಿನ ಡಬ್ಬಿಯಲ್ಲಿ ಕೂತಿದ್ದರು. ತೆಳ್ಳಗೆ, ಕನ್ನಡಕ ಹಾಕಿಕೊಂಡ, ಹೆಚ್ಚು ಮಾತಾಡದ ಮನುಷ್ಯ. ಮೊಣಕಾಲಿಗೆ ಮೊಣಕಾಲು ತಾಗುವ ಆ ರೈಲಿನಲ್ಲಿ ಅವರೆದುರು ಕೂತಿದ್ದ ಅಜ್ಜಿಯೊಬ್ಬಳು ಅಷ್ಟರಲ್ಲೇ ಅವರಿಗೆ ಎಷ್ಟು ಮಕ್ಕಳು, ಯಾಕೆ ಇಷ್ಟು ಸೊರಗಿದ್ದೀರಿ ಎಂದು ವಿಚಾರಿಸಲು ಶುರುಮಾಡಿದ್ದಳು.

ಚಿಂತಲಮಿಟ್ಟಕ್ಕೆ ಬಂದಾಗ ಊರೆಲ್ಲ ಹಳಿಯ ಪಕ್ಕ ನಿಂತಿತ್ತು. ಬೋರ್ಡಿಗೆ ಮಾವಿನ ತೋರಣ. ಮುನೆಕ್ಕ ಹೊಸ ಸೀರೆ ಉಟ್ಟು ಎಂಜಿನ್ನಿಗೆ ಕರ್ಪೂರ ಬೆಳಗಿದಳು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಸಾಹೇಬರ ಕೈಗೆ ಕಡಲೆಪುರಿಯ ಪೊಟ್ಟಣ ಬಂತು. ಹೂವಿನ ಬುಟ್ಟಿಗಳನ್ನು ಹತ್ತಿಸಿಕೊಂಡಾಯಿತು. ಖಾದರ್ ಸಾಬರು ಸೀಟಿ ಹಾಕಿ ಹೊರಡಿಸಿದರು.

ನಿಂಬೆಹಣ್ಣು ಪಚ್ಚೆಂದಿತು. ರೈಲು ನಾಲ್ಕು ಮಾರು ಮುಂದೆ ಹೋಯಿತು. ಆಮೇಲೆ ಗಿರ್ರ್ ಎಂದು ಚಕ್ರಗಳು ನಿಂತಲ್ಲೇ ತಿರುಗತೊಡಗಿದವು. ಖಾದರ್ ಸಾಬರು ಹಿಂದೆ ತಂದು ಮತ್ತೆ ನುಗ್ಗಿಸಿದರು. ಮತ್ತೆ ಗಿರ್ರ್. ಹೊಗೆ ಬಂತು, ಹಬೆ ಬಂತು, ರೈಲು ಮಾತ್ರ ಮುಂದೆ ಹೋಗಲಿಲ್ಲ. ನಾನೂ ಮೇಷ್ಟ್ರೂ ಇಳಿದು ಓಡಿದೆವು.

ಎಂಜಿನ್ನಿನ ಮುಂದೆ, ದಿಬ್ಬದ ಅರ್ಧದವರೆಗೆ, ಎರಡು ಹಳಿಗಳ ಮೇಲೂ ಬೂದುಗುಂಬಳಕಾಯಿ. ಒಂದಲ್ಲ, ಎರಡಲ್ಲ. ಬಿಳಿ ತಿರುಳು, ಬೀಜ, ಕುಂಕುಮದ ನೀರು. ಹೆಂಗಸರು ಬೆಳಿಗ್ಗೆ ನಿಯಮದಂತೆ ಹಳಿಗೆ ಮರಳು ಚೆಲ್ಲಿದ್ದರು. ಆಮೇಲೆ, ಇಂಥ ದೊಡ್ಡ ದಿನ ರೈಲಿಗೆ ದೃಷ್ಟಿಯಾಗಬಾರದೆಂದು ಮುನೆಕ್ಕ ತನ್ನ ಹಿತ್ತಲಿನ ಎಲ್ಲಕ್ಕಿಂತ ದೊಡ್ಡ ಕಾಯಿ ತಂದು ಒಡೆದಿದ್ದಳು. ಅವಳು ಒಡೆದ ಮೇಲೆ ಉಳಿದವರು ಸುಮ್ಮನಿರುತ್ತಾರೆಯೇ? ಮನೆಗೊಂದರಂತೆ ತಂದು, ಸಾಲಾಗಿ, ಜಾಗ ಸಿಕ್ಕಿದಲ್ಲೆಲ್ಲ ಒಡೆದಿದ್ದರು. ಮರಳು ಅದರಲ್ಲಿ ಕಲೆಸಿ ಗೊಜ್ಜಾಗಿತ್ತು.

ಮೇಷ್ಟ್ರ ದೊಡ್ಡ ಕಂಠ ಆಗ ಮಾತ್ರ ಕೈಕೊಟ್ಟಿತು. ಖಾದರ್ ಸಾಬರು ಎಂಜಿನ್ನಿನಿಂದ ಬಗ್ಗಿ ನೋಡಿ ಹಣೆ ಚಚ್ಚಿಕೊಂಡರು. "ಯಾ ಅಲ್ಲಾ! ಮುನೆಕ್ಕಾ, ಒಂದು ಒಡೀರಿ, ಎರಡು ಒಡೀರಿ. ಹಳಿ ಮ್ಯಾಲೆ ತೋಟಾನೇ ಒಡದವ್ರೆ ನೋಡಿ!"

ಮುನೆಕ್ಕ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಎರಡೂ ಇತ್ತು ಅಂತ ಕಾಣುತ್ತದೆ. "ನಾನೇ ಕಣಮ್ಮಾ," ಎಂದಳು ನನಗೆ, ಮೆಲ್ಲಗೆ. "ಒಳ್ಳೇದಾಗ್ಲಿ ಅಂತ ಮಾಡ್ದೆ. ನನ್ನ ಕೈಯಾರೆ ಕೆಡಿಸ್ಕೊಂಡೆ."

ಊರೇ ಹಳಿಗೆ ಇಳಿಯಿತು. ತೆಂಗಿನ ನಾರು, ಟವೆಲು, ಸೌದೆ ಒಲೆಯ ಬೂದಿ, ಸಿಕ್ಕಿದ್ದೆಲ್ಲ ತಂದು ಹಳಿ ಉಜ್ಜತೊಡಗಿದರು. ಪ್ರಯಾಣಿಕರು ಒಬ್ಬೊಬ್ಬರೇ ಇಳಿದರು. ಸಾಹೇಬರೂ ಇಳಿದರು. ಅವರ ಬೂಟಿಗೆ ಕುಂಬಳಕಾಯಿ ಬೀಜ ಅಂಟಿತು. ಕೋಪವೂ ಇಲ್ಲ, ನಗೆಯೂ ಇಲ್ಲ, ಕೈಗಡಿಯಾರ ನೋಡಿಕೊಂಡರು. ಹುಣಸೆಹಣ್ಣು ಹಿಡಿದು ಎಂಜಿನ್ ಉಜ್ಜಿದ ನಾನು ಅವತ್ತು ಹಬ್ಬದ ಸೀರೆಯಲ್ಲಿ ಕೂತು ಹಳಿ ಉಜ್ಜಿದೆ.

ಬಿಸಿಲು ಏರುತ್ತಿತ್ತು. ಹಬ್ಬದ ದಿನದ ಹೂವು. ಮಾರ್ಕೆಟ್ಟಿನಲ್ಲಿ ಜನ ಕಾಯುತ್ತಿರುತ್ತಾರೆ. ಮುನೆಕ್ಕ ಒಮ್ಮೆ ಸೂರ್ಯನನ್ನು ನೋಡಿದಳು, ಒಮ್ಮೆ ಬುಟ್ಟಿಯನ್ನು ನೋಡಿದಳು. ಮೂಗು ಒರೆಸಿಕೊಂಡು, ಡಬ್ಬಿಯಿಂದ ಬುಟ್ಟಿ ಇಳಿಸಿ ತಲೆಯ ಮೇಲೆ ಇಟ್ಟುಕೊಂಡಳು.

"ಎಲ್ಲಿಗೆ ಮುನೆಕ್ಕ?" ಎಂದರೆ, "ಮಿಟ್ಟ ಹತ್ತಿ ನಿಂತಿರ್ತೀನಿ. ಬಂದ್ರೆ ಹತ್ತೀನಿ. ಬರ್ದಿದ್ರೆ ಹಂಗೇ ನಡ್ಕೊಂಡು ಹೋಗ್ತೀನಿ ಕೋಲಾರಕ್ಕೆ," ಎಂದು ಹಳಿಯ ಪಕ್ಕ ಹೊರಟೇಬಿಟ್ಟಳು. ಅವಳ ಹಿಂದೆ ಉಳಿದ ಹೂವಿನವರು. ಅವರ ಹಿಂದೆ, ಕೆಳಗೆ ನಿಂತು ಮಾಡುವುದೇನು ಎಂದು ಪ್ರಯಾಣಿಕರೆಲ್ಲ. ಕೊನೆಗೆ ಸಾಹೇಬರೂ ಕಡಲೆಪುರಿಯ ಪೊಟ್ಟಣ ಹಿಡಿದು ದಿಬ್ಬ ಹತ್ತಿದರು. ಪಕ್ಕದಲ್ಲಿ ಆ ಅಜ್ಜಿ ಅವರ ತೋಳು ಹಿಡಿದುಕೊಂಡು ಬರುತ್ತಿದ್ದಳು. ಅವರನ್ನು ಕೇಳಿಯೇನೂ ಹಿಡಿದಿರಲಿಲ್ಲ.

ಹಳಿ ಒಣಗಿತು. ಹುರಿದ ಮರಳು ಇನ್ನೊಂದು ಸಲ ಬಿತ್ತು. ಖಾಲಿ ಡಬ್ಬಿಗಳನ್ನು ಎಳೆದುಕೊಂಡು ಎಂಜಿನ್ನು ಭುಸುಗುಟ್ಟುತ್ತ, ತೂಗಾಡುತ್ತ ಮೇಲೆ ಬಂತು. ದಿಬ್ಬದ ನೆತ್ತಿಯಲ್ಲಿ ಒಂದು ಚಪ್ಪಟೆ ಬಂಡೆಯ ಬಯಲು. ಅಲ್ಲಿ ಖಾದರ್ ಸಾಬರು ನಿಲ್ಲಿಸಿದರು, ನಾವೆಲ್ಲ ಹತ್ತಲೇಬೇಕಿತ್ತಲ್ಲ. ಜನ ಹತ್ತಿದರು, ಬುಟ್ಟಿಗಳು ಹತ್ತಿದವು. ಸೀಟಿ ಹಾಕಿದ್ದೇ ತಡ, ರೈಲು ಅಷ್ಟೊಂದು ಭಾರ ಹೊತ್ತೂ ಒಂದು ಸಣ್ಣ ಎಳೆತಕ್ಕೇ ಹೊರಟಿತು. ಮುಂದೆ ಇಳಿಜಾರು.

ಸಾಹೇಬರು ಕೈ ಎತ್ತಿ, "ಸ್ವಲ್ಪ ನಿಲ್ಲಿಸಿ," ಎಂದರು. ರೈಲು ನಿಂತಿತು. "ಈಗ ಹೊರಡಿಸಿ," ಎಂದರು. ಹೊರಟಿತು. ಇನ್ನೊಂದು ಸಲ ನಿಲ್ಲಿಸಿ, ಇನ್ನೊಂದು ಸಲ ಹೊರಡಿಸಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಮೇಷ್ಟ್ರು ನನ್ನ ಮುಖ ನೋಡಿದರು, ನಾನು ಮೇಷ್ಟ್ರ ಮುಖ ನೋಡಿದೆ. ಇಷ್ಟು ತಿಂಗಳು ಮರಳು ಹುರಿದ ನಮಗಾಗಲಿ, ಮೇಲೆ ಕೂತು ಲೆಕ್ಕ ಹಾಕಿದವರಿಗಾಗಲಿ, ಊರು ಕೆಳಗಿದ್ದರೆ ಸ್ಟಾಪೂ ಕೆಳಗೇ ಇರಬೇಕು ಅನ್ನುವುದನ್ನು ಬಿಟ್ಟು ಬೇರೆ ಯೋಚನೆಯೇ ಬಂದಿರಲಿಲ್ಲ.

ಸಾಹೇಬರು ಮುನೆಕ್ಕನನ್ನು ಕೇಳಿದರು. "ಇಲ್ಲಿ ನಿಲ್ಲಿಸಿದರೆ ನೀವು ದಿನವೂ ಬುಟ್ಟಿ ಹೊತ್ತು ಹತ್ತಬೇಕಾಗುತ್ತದಲ್ಲಮ್ಮ?"

"ಸೌದೆಗೆ ಹತ್ತೀವಿ, ದನಕ್ಕೆ ಹತ್ತೀವಿ. ಪ್ಯಾಟೆಗೆ ಹತ್ತಕ್ಕಾಗಲ್ವಾ ಸಾಮಿ?" ಎಂದಳು. ಆಮೇಲೆ ಅವಳ ಎಂದಿನ ದನಿ ವಾಪಸು ಬಂತು. "ಇದನ್ನ ಮೊದ್ಲೇ ಹೇಳಿದ್ರೆ ಅಷ್ಟು ಕುಂಬ್ಳಕಾಯಿನೂ ಹುಳಿ ಮಾಡಿ ಊರಿಗೆಲ್ಲಾ ಇಕ್ತಿದ್ದೆ!"

ಸಾಹೇಬರು ಮೊದಲ ಸಲ ನಕ್ಕರು. ಅಜ್ಜಿ, "ಹಾಂ, ಹಿಂಗಿರಬೇಕು," ಎಂದಳು.

ಸ್ಟಾಪನ್ನು ನೆತ್ತಿಗೆ ಸಾಗಿಸಲು ಅಪ್ಪಣೆ ಬರುವ ಹೊತ್ತಿಗೆ ದೀಪಾವಳಿ ಕಳೆದಿತ್ತು. ಆ ದಿನಗಳಲ್ಲಿ ಮುನೆಕ್ಕ ದೇವರಿಗೆ ಬರೀ ಕೈ ಮುಗಿದಳು, ಏನನ್ನೂ ಒಡೆಯಲಿಲ್ಲ. ಅಪ್ಪಣೆ ಬಂದ ಮೇಲೆ ಬೋರ್ಡನ್ನು ಕಿತ್ತು ದಿಬ್ಬದ ಮೇಲಕ್ಕೆ ಸಾಗಿಸುವುದು ಒಂದು ಉತ್ಸವವೇ ಆಯಿತು. ಗ್ಯಾಂಗಿನವರು, ಊರಿನ ಗಂಡಸರು ಹೆಗಲು ಕೊಟ್ಟರು. ಹಾಗೆ ಹೆಗಲು ಕೊಟ್ಟವರಲ್ಲಿ ಮುನೆಕ್ಕನ ಗಂಡನೂ ಇದ್ದ. ಮೇಷ್ಟ್ರು ಬಂಡೆಯ ಮೇಲೆ ಕೂತು ಅಕ್ಷರಗಳಿಗೆ ಹೊಸ ಬಣ್ಣ ಬಳಿದರು. ಮೂಲೆಯಲ್ಲಿ ಒಂದು ಪುಟ್ಟ ಎಂಜಿನ್ ಬರೆಯಲು ಹೊರಟವರನ್ನು ಸರೋಜಮ್ಮ ಕೈ ಹಿಡಿದು ನಿಲ್ಲಿಸಿದರು.

ಮುಂದಿನ ಭಾನುವಾರ ನಾವು ಅಭ್ಯಾಸ ಬಲದಿಂದ ಚಿಂತಲಮಿಟ್ಟಕ್ಕೆ ಹೋಗಿ ನಿಂತೆವು. ಮಾಡಲು ಕೆಲಸವಿರಲಿಲ್ಲ. ರೈಲು ನೆತ್ತಿಯ ಮೇಲೆ ನಿಂತಿತು, ಹೊರಡುವುದಕ್ಕೆ ಅದಕ್ಕೆ ನಮ್ಮ ಅಗತ್ಯವೇ ಇರಲಿಲ್ಲ. ಗೆದ್ದದ್ದು ನಾವೇ, ಆದರೂ ನನಗೆ ಅಳು ಬರುವ ಹಾಗಾಯಿತು. ಮೇಷ್ಟ್ರಂತೂ ಹಳಿಯನ್ನು ಸುಮ್ಮನೆ ಕಾಲಿನಿಂದ ಒರೆಸುತ್ತಿದ್ದರು. ಅಷ್ಟರಲ್ಲಿ ಮುನೆಕ್ಕ ಕಿಟಕಿಯಿಂದ ತಲೆ ಹಾಕಿ ಕೂಗಿದಳು. "ಏನ್ ನೋಡ್ತಾ ನಿಂತ್ರಿ? ಹತ್ರೀ! ಇಷ್ಟು ದಿನ ನನ್ನ ಹತ್ತಿಸಿ ಕಳಿಸಿದ್ದೇ ಆಯ್ತು, ನಾನು ಎಲ್ಲಿಗೆ ಹೋಗ್ತೀನಿ ಅಂತ ಒಂದಿನ ಆದ್ರೂ ನೋಡಿದ್ದೀರಾ?"

ನೋಡಿರಲಿಲ್ಲ. ಮೇಷ್ಟ್ರು, ಸರೋಜಮ್ಮ, ನಾನು ಹತ್ತಿದೆವು.

ಕೋಲಾರದ ಮಾರ್ಕೆಟ್ಟಿನಲ್ಲಿ ಹೂವಿನ ಸಾಲು ಆ ಹೊತ್ತಿಗೇ ಗಿಜಿಗುಟ್ಟುತ್ತಿತ್ತು. ಮುನೆಕ್ಕ ನೆಲಕ್ಕೆ ನೀರು ಚಿಮುಕಿಸಿ ಗೋಣಿತಾಟು ಹಾಸಿ ಕೂತಳು. ಕೂತ ಕೂಡಲೇ ಬೇರೆ ಹೆಂಗಸಾದಳು. ಬೆನ್ನು ನೆಟ್ಟಗಾಯಿತು. ಎಲೆಯಡಿಕೆಯವನು, ಬಾಳೆಎಲೆಯವಳು, ದೇವಸ್ಥಾನದ ಅರ್ಚಕರು, ಸ್ಕೂಟರ್ ನಿಲ್ಲಿಸಿ ಇಳಿದ ಆಫೀಸಿನವರು, ಎಲ್ಲರೂ ಒಂದೇ ಸಮನೆ ಕರೆಯುತ್ತಿದ್ದರು. "ಮುನಿರತ್ನಮ್ಮಾ, ಕನಕಾಂಬರ ತಂದ್ಯಾ?" "ಮುನಿರತ್ನಮ್ಮನವರೇ, ನಮ್ಮದು ಎತ್ತಿಟ್ಟಿದ್ದೀರಾ?" ನಾನು ಯಾರನ್ನು ಕರೆಯುತ್ತಿದ್ದಾರೆ ಎಂದು ಅತ್ತಿತ್ತ ನೋಡಿದೆ. ಊರಿನಲ್ಲಿ ಅವಳು ಎಲ್ಲರಿಗೂ ಮುನೆಕ್ಕ. ಮನೆಯಲ್ಲಿ ಗಂಡನಿಗೆ, ಅತ್ತೆಗೆ ಬರೀ "ಇವಳೇ". ಅವಳಿಗೆ ಇಷ್ಟುದ್ದದ, ಇಷ್ಟು ಚೆಂದದ ಹೆಸರಿದೆ ಎಂದು ಒಂದು ಮಳೆಗಾಲವಿಡೀ ಅವಳ ಅಂಗಳದಲ್ಲಿ ಕೂತಿದ್ದ ನನಗೆ ಗೊತ್ತೇ ಇರಲಿಲ್ಲ.

ಹೂವಿನ ರಾಶಿ ಅರ್ಧ ಇಳಿದ ಮೇಲೆ ಅವಳು ಎದ್ದು ಸೀರೆ ಕೊಡವಿಕೊಂಡಳು. "ಟೀ ಕುಡ್ಕೊಂಡು ಬರ್ತೀನಿ. ಟೆಲಿಫೋನಮ್ಮ, ನೀನು ಕೂರು. ಮಾರಕ್ಕೆ ಹೋಗ್ಬೇಡ ಮತ್ತೆ, ಕಾವಲು ಕೂರು, ಸಾಕು," ಎಂದು ಹೇಳಿ, ಮೇಷ್ಟ್ರನ್ನೂ ಸರೋಜಮ್ಮನನ್ನೂ ಕರೆದುಕೊಂಡು ಹೋದಳು.

ನಾನು ಆ ಗೋಣಿತಾಟಿನ ಮೇಲೆ ಕೂತೆ. ಯಾರೋ ಒಬ್ಬರು ಬಂದು, ಹೊಸಬಳನ್ನು ನೋಡಿ, "ಇದು ಯಾರಂಗಡಿ?" ಎಂದರು. ಎಕ್ಸ್‌ಚೇಂಜಿನಲ್ಲಿ ದೂರದ ಊರಿನ ಕರೆಗೆ ಕೂಗಿ ಹೇಳುವ ದನಿಯಲ್ಲಿ, ಆ ಸಾಲಿಗೆಲ್ಲ ಕೇಳುವ ಹಾಗೆ ಹೇಳಿದೆ. "ಮುನಿರತ್ನಮ್ಮನ ಅಂಗಡಿ."